ಬಂಡೆಯ ಮೇಲೆ ತೆಗೆದುಕೊಂಡ ಎಲೆ-ಅಡಿಕೆ

"ನಿಮ್ಮ ನೆರಳು ನೀರಿಗೆ ಬೀಳ್ತಾ ಇದೆ. ಒಂಚೂರು ಹಿಂದಕ್ಕೆ ಸರೀರಿ."

ಮೂರು ವರ್ಷದ ಮೇಲೆ ಅವನ ಬಾಯಿಂದ ಅವಳು ಕೇಳಿದ ಮೊದಲ ಮಾತು ಇದು!

ಅಂಜನಮ್ಮನ ಕೈಯಲ್ಲಿದ್ದ ಬುತ್ತಿಯ ಗಂಟು ಜಾರಿ ಬೀಳುವುದೊಂದು ಬಾಕಿ. ಹೊಸಕೆರೆಹಳ್ಳಿ ಕೆರೆಯ ಮೂಡಲ ದಡದಲ್ಲಿ, ನೀರಿಗೆ ಚಾಚಿಕೊಂಡ ಬಂಡೆಯ ತುದಿಯಲ್ಲಿ, ಬಿದಿರಿನ ಗಳ ಹಿಡಿದು ಕೂತಿದ್ದ ಆ ಗಂಡಸು ತಿರುಗಿ ಕೂಡ ನೋಡಲಿಲ್ಲ. ಬಟ್ಟೆ ಒಗೆಯಲು ಬಂದ ಯಾರೋ ಹೆಂಗಸು ಎಂದುಕೊಂಡಿರಬೇಕು.

'ನೀವು ಅಂತೆ... ನೀವು!' ಅವಳಿಗೆ ಮೈಯೆಲ್ಲಾ ಉರಿಯಿತು.

"ನೆರಳು ಮನೇಲಿ ಬಿಟ್ಟು ಬರೋಕಾಗುತ್ತಾ? ಮನುಷ್ಯರು ಬಂದ್ರೆ ಜೊತೆಗೆ ಅದೂ ಬರುತ್ತೆ."

ಅವನು ತಿರುಗಿದ. ತಿರುಗಿದವನು ನೋಡಿದ.

"ಅಂಜನಾ..." ಎಂದ.

"ಅಜ್ಜಿ ಊಟ ಕಳಿಸಿದ್ದಾರೆ." ಅವಳು ಗಂಟನ್ನು ಬಂಡೆಯ ಮೇಲೆ ಇಟ್ಟಳು. ಇಟ್ಟ ಮೇಲೆ ಹಿಂದಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ಕಾಲು ಯಾಕೆ ಏಳಲಿಲ್ಲ ಎಂದು ಅವಳನ್ನು ಕೇಳಿದರೆ, ದಾರಿಯಲ್ಲಿ ಮುಳ್ಳು ಚುಚ್ಚಿತ್ತು ಅನ್ನುತ್ತಿದ್ದಳೋ ಏನೋ. ಮುಳ್ಳೂ ಇಲ್ಲ, ಗಿಳ್ಳೂ ಇಲ್ಲ.

ಇವನು ಯಾರು ಅನ್ನುವುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ತಿಮ್ಮರಾಯ, ಅಂಜನಮ್ಮನ ಸೋದರತ್ತೆಯ ಮಗ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಕತ್ರಿಗುಪ್ಪೆಯಲ್ಲಿ ಮಾವ ಬೈರಣ್ಣನ ಮನೆಯಲ್ಲೇ ಬೆಳೆದವನು. ತಾಯಿ ಇಲ್ಲದ ಅಂಜನಮ್ಮನನ್ನೂ ಅವನನ್ನೂ ಒಂದೇ ತಟ್ಟೆಯಲ್ಲಿ ಮುದ್ದೆ ಹಾಕಿ ಬೆಳೆಸಿದ್ದು ಅಜ್ಜಿ ಮುನಿವೆಂಕಟಮ್ಮ. ವರಸೆಯಲ್ಲಿ ಅವನು ಅವಳಿಗೆ ಆಗುವ ಗಂಡು. ಹಾಗಾಗಿ ಊರಿನ ಹೆಂಗಸರು ಅವಳು ನೀರಿಗೆ ಹೋದಾಗಲೆಲ್ಲಾ, "ಏನಮ್ಮಾ, ನಿನ್ನ ಯಜಮಾನ್ರು ಎತ್ತು ಹೊಡ್ಕೊಂಡು ಎತ್ಲಾಗೆ ಹೋದ್ರು?" ಎಂದು ಕೀಟಲೆ ಮಾಡುತ್ತಿದ್ದರು. ಎಲ್ಲರೂ ಹೇಳುತ್ತಿದ್ದರಲ್ಲ, ಅದಕ್ಕೇ ಅವರಿಬ್ಬರು ಒಬ್ಬರಿಗೊಬ್ಬರು ಹೇಳಿಕೊಳ್ಳಲೇ ಇಲ್ಲ. ಅದೇ ದೊಡ್ಡ ತಪ್ಪಾಯಿತು.

ತಿಮ್ಮರಾಯ ಲಾರಿ ಓಡಿಸಲು ಕರಾವಳಿಗೆ ಹೋದ. ಇತ್ತ ಜಯನಗರ ಬೆಳೆಯುತ್ತಾ ಬೆಳೆಯುತ್ತಾ ಅಕ್ಕಪಕ್ಕದ ಊರುಗಳ ಹೊಲಗಳಿಗೂ ಬಡಾವಣೆಯ ಅಳತೆ ಕಲ್ಲು ಬಂದವು. ಬೈರಣ್ಣನ ಹೊಲದಲ್ಲೂ ಎರಡು ಕಲ್ಲು ನೆಟ್ಟು ಹೋದರು. ಅವತ್ತಿನಿಂದ ಅವನಿಗೆ ನಿದ್ದೆ ಕಮ್ಮಿ, ಹೆದರಿಕೆ ಜಾಸ್ತಿ. ಮಗಳಿಗೆ ಸಿದ್ದಾಪುರದಲ್ಲಿ ಒಂದು ಸಂಬಂಧ ನೋಡಿದ. ಸುಣ್ಣದ ಗೋಡೆಯ ಮನೆ, ಸ್ವಂತ ಅಂಗಡಿ. ಇವತ್ತು ಸಂಜೆ ಅವರು ವೀಳ್ಯ ಬದಲಾಯಿಸಿಕೊಳ್ಳಲು ಬರುವವರು.

ಅದಕ್ಕೆ ಮೊದಲು ಒಂದು ಶಾಸ್ತ್ರವಿದೆ. ವರಸೆಯ ಹುಡುಗನಿದ್ದೂ ಹುಡುಗಿಯನ್ನು ಹೊರಗೆ ಕೊಡುವುದಾದರೆ, ಅವನನ್ನು ಕೂರಿಸಿ ಎಲೆ-ಅಡಿಕೆ ಕೊಡಬೇಕು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರೆ, 'ನನ್ನ ಹಕ್ಕು ಬಿಟ್ಟೆ' ಎಂದು ಅರ್ಥ. ಮುಟ್ಟದಿದ್ದರೆ ಬೇರೆ ಯಾರೂ ಆ ಹುಡುಗಿಗೆ ವೀಳ್ಯ ತರುವಂತಿಲ್ಲ.

ತಿಮ್ಮರಾಯನನ್ನು ಕರೆಸಿದ್ದು ಅದಕ್ಕೇ. ರಾತ್ರಿ ಬಸ್ಸಿಗೆ ಬಂದವನು ಬೆಳಕು ಹರಿಯುವ ಮುಂಚೆ ಗಳ ಹಿಡಿದು ಕೆರೆಗೆ ಬಂದುಬಿಟ್ಟಿದ್ದ. ಅಂಜನಮ್ಮ ಏಳುವಷ್ಟರಲ್ಲಿ ಅವನ ಚಪ್ಪಲಿಯೂ ಮನೆಯಲ್ಲಿರಲಿಲ್ಲ.

'ನನ್ನ ಮುಖ ನೋಡೋಕೂ ಬೇಡವಾಯ್ತಾ ಇವನಿಗೆ?'

ಅವಳು ಬಂಡೆಯ ಹಿಂಭಾಗದಲ್ಲಿ, ನೆರಳು ನೀರಿಗೆ ಬೀಳದ ಕಡೆ ಕೂತಳು. ಸೋತು ಕೂತದ್ದಲ್ಲ, ಸುಮ್ಮನೆ ಕೂತದ್ದು ಎಂದು ತನಗೆ ತಾನೇ ಹೇಳಿಕೊಂಡಳು.

ಅವನು ಗಾಳ ಮೇಲೆತ್ತಿ ಎರೆಹುಳ ಬದಲಾಯಿಸಿದ. ನೂಲಿಗೆ ಕಟ್ಟಿದ್ದ ಬೆಂಡನ್ನು ಬೆರಳಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿದ. ನವಿಲುಗರಿಯ ದಂಟಿನಿಂದ ಮಾಡಿದ್ದ ಬೆಂಡು, ತುದಿಗೆ ಕುಂಕುಮದಷ್ಟು ಕೆಂಪು ಬಣ್ಣ. ಬೀಸಿದ. ಬೆಂಡು ನೀರಿನ ಮೇಲೆ ಅಡ್ಡ ಬಿದ್ದು, ಆಮೇಲೆ ನೆಟ್ಟಗೆ ನಿಂತಿತು.

"ಬೆಂಡು ಯಾಕೆ ಮೇಲೆ ಸರಿಸಿದ್ದು?" ಕೇಳಬಾರದು ಅಂದುಕೊಂಡೇ ಕೇಳಿದಳು.

"ಬಿಸಿಲೇರಿದ ಹಾಗೆ ಗೆಂಡೆ ಮೀನು ಕೆಳಕ್ಕೆ ಇಳೀತಾವೆ. ಬೆಂಡು ಮೇಲೆ ಹೋದ್ರೆ ಗಾಳ ಕೆಳಗೆ ಹೋಗುತ್ತೆ."

"ಇದೆಲ್ಲಾ ಅಲ್ಲಿ ಕಲಿತಿದ್ದಾ?"

"ಹ್ಞೂಂ. ಲಾರಿ ಲೋಡಾಗೋವರೆಗೂ ಸಮುದ್ರದ ಬಂಡೆ ಮೇಲೆ ಕೂತಿರ್ತಿದ್ದೆ. ಅಲ್ಲಿ ಒಂದು ಜಾತಿ ಬೆಳ್ಳಗಿರೋ ಮೀನು, ಬಂಡೆ ಸಂದೀಲೇ ಇರುತ್ತೆ. ಬಂಡೆಗೆ ಅಂಟಿಕೊಂಡಿರೋ ಚಿಪ್ಪನ್ನೇ ಕಟುಂ ಅಂತ ಕಡಿದು ತಿನ್ನುತ್ತೆ, ಅಷ್ಟು ಗಟ್ಟಿ ಹಲ್ಲು. ಆದ್ರೆ ಅಲೆ ಇರುತ್ತಲ್ಲ... ಬೆಂಡು ಸುಮ್ನೆ ನಿಲ್ಲಲ್ಲ. ಯಾವುದು ಅಲೆ ಎಳೆದಿದ್ದು, ಯಾವುದು ಮೀನು ಎಳೆದಿದ್ದು ಅಂತ ತಿಳಿಯೋಕೆ ನನಗೆ ಒಂದು ಮಳೆಗಾಲ ಹಿಡೀತು."

ಇಷ್ಟು ಉದ್ದ ಮಾತಾಡಿದ್ದು ತಾನೇನಾ ಎಂಬಂತೆ ಅವನು ತಟ್ಟನೆ ಬೆಂಡಿನ ಕಡೆ ತಿರುಗಿದ.

ಬೆಂಡು ಒಮ್ಮೆ ಕುಣಿಯಿತು. ಅವನು ಕದಲಲಿಲ್ಲ. ಮತ್ತೆ ಕುಣಿದು ಓರೆಯಾಗಿ ಮುಳುಗಿತು. ಮಣಿಕಟ್ಟು ತಿರುಗಿಸಿದ ಅಷ್ಟೇ, ಅಂಗೈಯಗಲದ ಗೆಂಡೆಯೊಂದು ಬಿಸಿಲಲ್ಲಿ ಪಟಪಟ ಹೊಡೆದುಕೊಳ್ಳುತ್ತಾ ಬಂಡೆಗೆ ಬಂತು. ಅವನು ಅದನ್ನು ಒದ್ದೆ ಟವಲ್ಲಿನಲ್ಲಿ ಮುಚ್ಚಿಟ್ಟ. ಅಲ್ಲಿ ಆಗಲೇ ಎರಡಿದ್ದವು.

"ಸಿದ್ದಾಪುರದೋರು ಎಷ್ಟೊತ್ತಿಗೆ ಬರ್ತಾರೆ?" ನೀರನ್ನೇ ನೋಡುತ್ತಾ ಕೇಳಿದ.

"ಗೋಧೂಳಿಗೆ."

"ಹುಡುಗ ಒಳ್ಳೆಯವನಂತೆ."

"ಅಂತೆ."

"ಮನೇನೂ ಚೆನ್ನಾಗಿದೆಯಂತೆ."

"ಅಂತೆ!" ಅವಳು ಮುಖ ತಿರುಗಿಸಿದಳು. 'ಎಷ್ಟು ಆರಾಮಾಗಿ ವಿಚಾರಿಸ್ತಾನೆ ನೋಡು! ಪಕ್ಕದ ಮನೆ ಹುಡುಗಿ ಮದುವೆ ವಿಚಾರಿಸಿದ ಹಾಗೆ...'

ಅಪ್ಪ ಹೇಳಿದ್ದು ನಿಜವೇ ಹಾಗಾದರೆ. ಹೋದ ವಾರ ಬೈರಣ್ಣ ಜಗಲಿಯ ಮೇಲೆ ಕೂತು, ಮಗಳ ಮುಖ ನೋಡದೆ, "ನಿಮ್ಮ ಭಾವನೇ ಎಲೆ ತಗೊಳ್ತೀನಿ ಅಂತ ಒಪ್ಕೊಂಡಿದ್ದಾನಮ್ಮ" ಎಂದಿದ್ದ. ಅವಳು ಅವತ್ತು ಮುದ್ದೆ ಮುರಿಯಲೂ ಇಲ್ಲ, ಅಳಲೂ ಇಲ್ಲ. 'ಅವನಿಗೇ ಬೇಡವಾದ ಮೇಲೆ ಯಾವ ಊರಾದರೇನು' ಎಂದು ತಲೆಯಾಡಿಸಿದ್ದಳು.

ಅವಳಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿತ್ತು. ಅದೇ ಬೈರಣ್ಣ ಅದಕ್ಕೂ ಹಿಂದೆ, ಕರಾವಳಿಗೆ ಲಾರಿಯಲ್ಲಿ ಹೋಗುತ್ತಿದ್ದ ಊರಿನ ಶಾಮಣ್ಣನ ಹತ್ತಿರ, "ಹುಡುಗಿ ಸಿದ್ದಾಪುರಕ್ಕೆ ಒಪ್ಪಿದ್ದಾಳೆ, ನೀನು ಬಂದು ಎಲೆ ತಗೊಂಡು ಹೋಗಪ್ಪಾ" ಎಂದು ತಿಮ್ಮರಾಯನಿಗೆ ಹೇಳಿ ಕಳಿಸಿದ್ದ. ಇಬ್ಬರಿಗೂ ನೋವಾಗದಿರಲಿ ಎಂದೇ ಹೇಳಿದ್ದು. ಹೆದರಿದ ತಂದೆಯರು ಇಂಥವನ್ನು ಬಹಳ ಮುತುವರ್ಜಿಯಿಂದ ಮಾಡುತ್ತಾರೆ.

ಸೂರ್ಯ ನೆತ್ತಿಗೆ ಬಂದ. ಮೀನು ಕಚ್ಚುವುದು ನಿಂತಿತು. ತಿಮ್ಮರಾಯ ಗಳವನ್ನು ಬಂಡೆಯ ಬಿರುಕಿಗೆ ಸಿಕ್ಕಿಸಿ, ಬೆಂಡು ನೀರಲ್ಲೇ ಇರಲೆಂದು ಬಿಟ್ಟು, ಕೈ ತೊಳೆದುಕೊಂಡು ಬಂದು ಗಂಟು ಬಿಚ್ಚಿದ. ರಾಗಿ ರೊಟ್ಟಿ. ಹುಚ್ಚೆಳ್ಳು ಚಟ್ನಿ. ಅದರ ಪಕ್ಕದಲ್ಲಿ ಬಾಳೆಎಲೆಯ ತುಂಡಿನಲ್ಲಿ ಸುತ್ತಿ ದಾರ ಕಟ್ಟಿದ ಒಂದು ಸಣ್ಣ ಪೊಟ್ಟಣ.

ಪೊಟ್ಟಣ ಬಿಚ್ಚಿದ. ವೀಳ್ಯದೆಲೆ. ಎರಡು ಅಡಿಕೆ.

ಅವನ ಮುಖದ ರಕ್ತವೆಲ್ಲಾ ಎತ್ತ ಹೋಯಿತೋ!

ಎದ್ದ, ಮತ್ತೆ ನೀರಿಗಿಳಿದು ಕೈ ತೊಳೆದ, ಅಂಗಿಗೆ ಒರೆಸಿಕೊಂಡ. ಬಂದು ಎಲೆ-ಅಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಣ್ಣಿಗೆ ಒತ್ತಿಕೊಂಡ.

"ಆಯ್ತು ಅಂಜನಾ," ಎಂದ. "ಎಲ್ಲರ ಮುಂದೆ ಕೊಡೋ ಬದಲು ಇಲ್ಲೇ ತಂದ್ಯಲ್ಲ. ಒಳ್ಳೇದೇ ಆಯ್ತು. ನೀನು ಚೆನ್ನಾಗಿರು."

ಎಲೆಗಳನ್ನು ಮಡಚಿ ಜೇಬಿಗಿಟ್ಟುಕೊಂಡ.

ಅಂಜನಮ್ಮ ಕಲ್ಲಾದಳು. ಊಟದ ಮೇಲೆ ಜಗಿಯುವ ಎಲೆಯನ್ನು ಯಾರೂ ಕೈ ತೊಳೆದು ಕಣ್ಣಿಗೆ ಒತ್ತಿಕೊಳ್ಳುವುದಿಲ್ಲ. ಇವನು ಬಿಟ್ಟ. ಹಕ್ಕು ಬಿಟ್ಟ! ಸಂಜೆಯವರೆಗೆ ಕಾಯುವಷ್ಟು ತಾಳ್ಮೆಯೂ ಇಲ್ಲದೆ, ಬುತ್ತಿಯಲ್ಲಿ ಎಲೆ ಕಂಡದ್ದೇ ತಡ...

"ಅಷ್ಟೊಂದು ಅವಸರವಾ ಭಾವ?" ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನನ್ನ ಕಳ್ಕೊಳ್ಳೋಕೆ ಅಷ್ಟೊಂದು ಅವಸರವಾ ನಿನಗೆ?"

"ನನಗೆ ಅವಸರವಾ? ಹೊತ್ತು ಮುಳುಗೋವರೆಗೂ ತಡೀಲಾರದೆ ಎಲೆ ಕಟ್ಕೊಂಡು ಬಂದೋಳು ನೀನು!"

"ನಾನೆಲ್ಲಿ ಕಟ್ಟಿದೆ? ಬುತ್ತಿ ಕಟ್ಟಿದ್ದು ಅಜ್ಜಿ! ರಾತ್ರಿ ನಿನ್ನ ತುಟಿ ಕೆಂಪಗಿತ್ತಂತೆ. ಲಾರಿ ಓಡಿಸಿ ಓಡಿಸಿ ಎಲೆ ಹಾಕೋದು ಕಲ್ತುಬಿಟ್ಟಿದ್ದಾನೆ ನಮ್ಮ ಹುಡುಗ ಅಂತ ಬೆಳಗ್ಗೆಯಿಂದ ಹತ್ತು ಸಲ ಹೇಳಿದ್ಲು. ಊಟ ಆದ್ಮೇಲೆ ಹಾಕ್ಕೊಳ್ಲಿ ಅಂತ ಇಟ್ಟಿರ್ತಾಳೆ. ಅದನ್ನ ನೀನು... ನೀನು ಕಣ್ಣಿಗೆ ಒತ್ಕೊಂಡ್ಯಲ್ಲೋ!"

ಅವನು ಜೇಬು ಮುಟ್ಟಿ ನೋಡಿಕೊಂಡ.

"ಹಾಗಾದ್ರೆ... ಇದು ನೀನು ಕೊಟ್ಟಿದ್ದಲ್ವಾ?"

"ನಾನ್ಯಾಕೆ ಕೊಡ್ಲಿ? ಎಲೆ ತಗೊಳ್ತೀನಿ ಅಂತ ಹೇಳಿ ಕಳಿಸಿದ್ದು ನೀನು!"

"ನಾನಾ? ನೀನು ಒಪ್ಪಿದ್ದೀಯ ಅಂತ ಶಾಮಣ್ಣನ ಕೈಲಿ ಹೇಳಿ ಕಳಿಸಿದ್ದು ಮಾವ!"

"ಶಾಮಣ್ಣನಾ? ಯಾವಾಗ?"

"ಹಬ್ಬಕ್ಕೆ ಮುಂಚೆ."

ಅವಳಿಗೆ ಅಪ್ಪ ಮುಖ ತಿರುಗಿಸಿಕೊಂಡು ಕೂತಿದ್ದ ಜಗಲಿ ನೆನಪಾಯಿತು. ಹಬ್ಬ ಕಳೆದು ಎಷ್ಟೋ ದಿನವಾದ ಮೇಲೆ ತಾನು ತಲೆಯಾಡಿಸಿದ್ದು ನೆನಪಾಯಿತು. ಲೆಕ್ಕ ಸರಿಹೋಯಿತು. ಅವಳು ಅಳತೊಡಗಿದಳು. ಸದ್ದು ಮಾಡಿಯೇ ಅತ್ತಳು. ಕೆರೆಯ ದಡದಲ್ಲಿ ಕೇಳುವವರು ಯಾರಿದ್ದಾರೆ?

"ಅಳಬೇಡ ಕಣೇ..." ತಿಮ್ಮರಾಯನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. "ಬೆಳಿಗ್ಗೆ ನಾನು ಯಾಕೆ ಓಡಿ ಬಂದೆ ಗೊತ್ತಾ? ನೀನು ಹೊಸ ಸೀರೆ ಉಟ್ಕೊಂಡು ಓಡಾಡೋದನ್ನ ನೋಡಿದ್ರೆ ನನ್ನ ಕೈಲಿ ತಡ್ಕೊಳೋಕೆ ಆಗ್ತಿರ್ಲಿಲ್ಲ. ಲಾರಿ ಕೆಲಸ ಬಿಟ್ಟುಬಿಟ್ಟೆ. ಇಲ್ಲೇ ಸಿಟಿ ಬಸ್ಸಿಗೆ ಡ್ರೈವರ್ ಆಗಿ ಸೇರ್ಕೊಂಡಿದ್ದೀನಿ. ಸೋಮವಾರದಿಂದ ಡ್ಯೂಟಿ. ನಿನಗೋಸ್ಕರಾನೇ ಅರ್ಜಿ ಹಾಕಿದ್ದೆ. ಕೆಲಸ ಸಿಕ್ಕಿದ ಮೇಲೆ ಬಂದು ಕೇಳೋಣ ಅಂತಿದ್ದೆ... ಅಷ್ಟರಲ್ಲಿ ಶಾಮಣ್ಣ ಬಂದ."

"ಕೇಳೋಣ ಅಂತ ಇದ್ನಂತೆ!" ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂರು ವರ್ಷ ಏನು ಮಾಡ್ತಿದ್ದೆ?"

"ನೀನು ನನ್ನವಳೇ ಅಂದ್ಕೊಂಡಿದ್ದೆ. ನಮ್ಮದೇ ಮನೇಲಿರೋದನ್ನ ಯಾರಾದ್ರೂ ಕೇಳ್ತಾರಾ?"

ಅವಳು ಉತ್ತರ ಕೊಡುವಷ್ಟರಲ್ಲಿ ಸರ್ರನೆ ಸದ್ದಾಯಿತು. ಬಿರುಕಿಗೆ ಸಿಕ್ಕಿಸಿದ್ದ ಗಳ ಕಿತ್ತುಕೊಂಡು ನೀರಿಗೆ ಹಾರಿತು! ಬೆಂಡಿನ ಸುಳಿವೇ ಇಲ್ಲ. ಯಾವುದೋ ದೊಡ್ಡ ಮೀನು ಗಳವನ್ನು ಎಳೆದುಕೊಂಡು ಕೆರೆಯ ನಡುವಿಗೆ ಹೊರಟಿತ್ತು.

"ಭಾವಾ, ಗಳ! ಗಳ ಹೋಯ್ತು!"

"ಹೋಗ್ಲಿ ಬಿಡೇ." ಅವನು ಆ ಕಡೆ ತಿರುಗಲಿಲ್ಲ. "ಈಗ ಏನು ಮಾಡೋದು, ಅದು ಹೇಳು."

ಮಾಡುವುದು ಸುಲಭವಿರಲಿಲ್ಲ. ಜೇಬಿನಲ್ಲಿ ಎಲೆ ಕೂತಿತ್ತು. ತಿಳಿದೋ ತಿಳಿಯದೆಯೋ, ಕಣ್ಣಿಗೆ ಒತ್ತಿಕೊಂಡದ್ದಾಗಿತ್ತು. ಎಸೆದುಬಿಡು ಎಂದು ನೀವು ನಾವು ಹೇಳಬಹುದು. ಆ ಮನೆಗಳಲ್ಲಿ ತಾಂಬೂಲವೆಂದರೆ ಆಡಿದ ಮಾತು. ಜಮೀನು ಪಾಲಾಗುವುದೂ ಅದರ ಮೇಲೆ, ಜಗಳ ಮುಗಿಯುವುದೂ ಅದರ ಮೇಲೆ.

"ತಗೊಂಡ ಎಲೆ ವಾಪಸ್ ಕೊಡೋ ಹಾಗಿಲ್ಲ," ಎಂದ ಅವನು ಪೆಚ್ಚಾಗಿ. "ಅಜ್ಜಿ ಕಟ್ಟಿದ್ದೇ ಇರಲಿ, ಮನೆ ಎಲೆ ಮನೆ ಎಲೆನೇ. ಸಂಜೆ ಮಾವ ಕೇಳಿದ್ರೆ ನಾನು ಸುಳ್ಳು ಹೇಳಲಾ?"

ಅಂಜನಮ್ಮ ಯೋಚಿಸಿದಳು. ಅಳು ನಿಂತ ಮೇಲೆ ಅವಳ ತಲೆ ಚುರುಕಾಗಿ ಓಡುತ್ತಿತ್ತು.

"ಭಾವ, ಈಗ ಆ ಎಲೆ ಯಾರದು?"

"ಯಾರದು ಅಂದ್ರೆ?"

"ನೀನು ತಗೊಂಡೆ. ನಿನ್ನ ಜೇಬಲ್ಲಿದೆ. ಇನ್ನು ಅದು ನಿಂದು ತಾನೆ?"

"ಹ್ಞೂಂ... ನಂದೇ."

"ಹೆಣ್ಣು ಕೇಳೋಕೆ ಹೋಗೋರು ಬರಿಗೈಲಿ ಹೋಗ್ತಾರಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ನಗಲಿಲ್ಲ. ಜೇಬಿನಿಂದ ಎಲೆಗಳನ್ನು ತೆಗೆದು ನೋಡಿದ. ಬಿಸಿಲಿಗೆ ಅಂಚು ಬಾಡಿದ್ದವು. ಅವಳು ಅವನ್ನು ತೆಗೆದುಕೊಂಡು ನೀರಿನಲ್ಲಿ ಅದ್ದಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

"ನೀನು ಕೇಳಿದ್ರೆ ಸಾಲದು," ಅವಳೇ ಹೇಳಿದಳು. "ಅಪ್ಪ ನನ್ನ ಕಡೆ ನೋಡ್ತಾನೆ. ಆವಾಗ ನಾನೂ ಹೇಳ್ಬೇಕು."

ಅಪ್ಪನ ಎದುರು ಜೋರಾಗಿ ಉಸಿರಾಡಿಯೂ ಗೊತ್ತಿಲ್ಲದ ಹುಡುಗಿ ಅವಳು.

ಇನ್ನೂ ಬಿಸಿಲು ಇರುವಾಗಲೇ ಇಬ್ಬರೂ ಕತ್ರಿಗುಪ್ಪೆಗೆ ಹಿಂದಿರುಗಿದರು. ಅವಳು ಮುಂದೆ, ಅವನು ಅಷ್ಟು ದೂರ ಹಿಂದೆ. ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿತ್ತು. ಚಾಪೆ ಹಾಸಿತ್ತು. ಬೈರಣ್ಣ ಗರಿಗರಿ ಪಂಚೆ ಉಟ್ಟು ಹಿತ್ತಾಳೆ ತಟ್ಟೆಯಲ್ಲಿ ಎಲೆ-ಅಡಿಕೆ ಜೋಡಿಸಿಕೊಂಡು ಕಾಯುತ್ತಿದ್ದ.

"ಬಾರಪ್ಪಾ, ಬಾ. ಅವರು ಬರೋ ಮುಂಚೆ ಇದೊಂದು ಮುಗಿಸಿಬಿಡೋಣ. ಕೂತ್ಕೋ."

ತಿಮ್ಮರಾಯ ಕೂತ. ಬೈರಣ್ಣ ತಟ್ಟೆ ಮುಂದೆ ಚಾಚಿದ.

ತಿಮ್ಮರಾಯನ ಕೈ ಮುಂದಕ್ಕೆ ಬರಲಿಲ್ಲ. ಬಟ್ಟೆ ಬಿಚ್ಚಿ, ತನ್ನ ಎಲೆಗಳನ್ನು ತೆಗೆದು, ಅದೇ ತಟ್ಟೆಯ ಮೇಲೆ ಇಟ್ಟ.

"ಮಾವ, ಮಧ್ಯಾಹ್ನ ಈ ಮನೆ ಎಲೆ ಕೈಗೆ ಬಂತು. ತಪ್ಪು ತಿಳ್ಕೊಂಡು ಕಣ್ಣಿಗೂ ಒತ್ಕೊಂಡೆ. ಅದನ್ನ ಮುಚ್ಚಿಡಲ್ಲ. ಈಗ ನನ್ನದಾಗಿರೋ ಎಲೆ ಇಟ್ಟು ಕೇಳ್ತಿದ್ದೀನಿ. ಅಂಜನಾನ ನನಗೆ ಕೊಡಿ."

"ಏನೋ ಇದು!" ಬೈರಣ್ಣನ ಮುಖ ಕಪ್ಪಿಟ್ಟಿತು. "ಎಲೆ ತಗೊಳ್ಳೋಕೆ ಕರೆದ್ರೆ ಕೊಡೋಕೆ ಬಂದಿದ್ದೀಯಾ? ಸಿದ್ದಾಪುರದೋರಿಗೆ ಮಾತು ಕೊಟ್ಟಿದ್ದೀನಿ. ಹುಡುಗಿ ಒಪ್ಪಿದ್ದಾಳೆ. ಕೇಳು ಬೇಕಾದ್ರೆ! ಅಂಜನಾ..."

ಎಲ್ಲರೂ ಬಾಗಿಲ ಕಡೆ ನೋಡಿದರು. ಅಂಜನಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದಳು. ಈಗ ಹೇಳದಿದ್ದರೆ ಇನ್ನು ಹೇಳುವುದಕ್ಕೆ ಏನೂ ಉಳಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. 'ಹೇಳೇ... ಹೇಳು!'

ಹೊಸ್ತಿಲು ದಾಟಿ ಹೊರಗೆ ಬಂದಳು.

"ಭಾವನಿಗೆ ನಾನು ಬೇಡ ಅಂತ ನೀನು ಹೇಳಿದ್ಯಲ್ಲ ಅಪ್ಪ, ಅದಕ್ಕೇ ಒಪ್ಪಿದ್ದು. ನಾನು ಒಪ್ಪಿದ್ದೀನಿ ಅಂತ ಅವನಿಗೆ ಮೊದಲೇ ಹೇಳಿ ಕಳಿಸಿದ್ದೂ ನೀನೇ. ಸಿದ್ದಾಪುರದ ಮನೆ ಚೆನ್ನಾಗಿದೆ. ಅವರೂ ಒಳ್ಳೆಯವರೇ. ಆದ್ರೆ ನನಗೆ ಭಾವ ಇಷ್ಟ. ಬೇರೆಯವರ ಜೊತೆ ನನ್ನ ಕೈಲಿ ಬಾಳೋಕಾಗಲ್ಲ."

ಅಷ್ಟೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳಿ ಮುಗಿಸಿ, ಕಂಬ ಹಿಡಿದುಕೊಂಡಳು.

"ಬೈರಾ," ಮೂಲೆಯಲ್ಲಿ ಕೂತಿದ್ದ ಮುನಿವೆಂಕಟಮ್ಮ ಕಾಲು ನೀಡಿಕೊಂಡಳು. "ಇವಳಿಗೊಂದು ಹೇಳಿದ್ಯಾ, ಅವನಿಗೊಂದು ಹೇಳಿದ್ಯಾ? ಇಬ್ಬರೂ ನಾನು ಸಾಕಿದ ಮಕ್ಕಳು. ನನಗೊಂದು ಮಾತು ಹೇಳಬಾರದಿತ್ತಾ? ಎತ್ತು ಮಾರುವಾಗ ಕೂಡ ಕೇಳ್ತಿದ್ದೆ ನನ್ನ."

ಬೈರಣ್ಣ ತಟ್ಟೆ ಕೆಳಗಿಟ್ಟು ಚಾಪೆಯ ಮೇಲೆ ಕುಸಿದು ಕೂತ.

"ಹೊಲಕ್ಕೆ ಕಲ್ಲು ನೆಟ್ಟು ಹೋಗಿದ್ದಾರಮ್ಮ," ಎಂದ. ಅವನ ದನಿ ಒಡೆಯಿತು. "ನಾಳೆ ನನ್ನ ಹತ್ರ ಏನಿರುತ್ತೆ? ತಾಯಿ ಇಲ್ಲದ ಮಗು. ಗಟ್ಟಿ ಗೋಡೆ ಇರೋ ಕಡೆ ಸೇರಿಸಿಬಿಡೋಣ ಅಂತ... ನಾನು ಕೆಟ್ಟದ್ದು ಬಯಸಿದ್ನಾ?"

"ಇಲ್ಲ ಅಪ್ಪ." ಅಂಜನಮ್ಮ ಅವನ ಪಕ್ಕದಲ್ಲಿ ಕೂತಳು. "ಆದ್ರೆ ನನ್ನ ಒಂದು ಮಾತು ಕೇಳಬೇಕಿತ್ತು."

"ಸೋಮವಾರದಿಂದ ಬಸ್ ಡ್ಯೂಟಿ ಮಾವ," ಎಂದ ತಿಮ್ಮರಾಯ. "ಗೋಡೆಗೆ ಸುಣ್ಣ ಬಳಿಯೋದು ನಿಧಾನ ಆಗಬಹುದು. ಅವಳನ್ನ ಮಾತ್ರ ನೋಯಿಸಲ್ಲ."

ಬೈರಣ್ಣ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಬಾಡಿದ ಎಲೆಗಳನ್ನು ಎತ್ತಿಕೊಂಡ. ಎರಡೂ ಕೈಯಲ್ಲಿ.

"ಸಿದ್ದಾಪುರಕ್ಕೆ ಈಗ ಯಾರು ಹೋಗ್ತಾರೋ?" ಎಂದು ಗೊಣಗುತ್ತಾ ಎದ್ದ. "ನಾನೇ ಹೋಗ್ಬೇಕು. ಅವರು ಮನೆ ಬಿಡೋ ಮುಂಚೆ ಹೋಗಿ ಕೈ ಮುಗೀತೀನಿ. ವರಸೆ ಗಂಡು ತಟ್ಟೆ ಎಲೆ ಮುಟ್ಟಲಿಲ್ಲ ಅಂದ್ರೆ ಅವರೂ ಏನೂ ಅನ್ನೋ ಹಾಗಿಲ್ಲ. ಆದ್ರೂ ನಾಲ್ಕು ಮಾತು ಬೀಳ್ತವೆ. ಬೀಳಲಿ... ಬೀಳಬೇಕಾದ್ದೇ."

ಗರಿಗರಿ ಪಂಚೆ ಎತ್ತಿ ಕಟ್ಟಿಕೊಂಡು ಸೈಕಲ್ ತುಳಿದು ಹೊರಟೇ ಹೋದ. ಮುನಿವೆಂಕಟಮ್ಮ ಮೀನಿನ ಟವಲ್ಲು ಎತ್ತಿಕೊಂಡು, "ಹಸಿದಿರ್ತೀರ" ಎನ್ನುತ್ತಾ ಹಿತ್ತಲಿಗೆ ನಡೆದಳು. ಹೋಗುವ ಅಗತ್ಯ ಅಷ್ಟೇನೂ ಇರಲಿಲ್ಲ.

ಅಂಗಳದಲ್ಲಿ ಇಬ್ಬರೇ ಉಳಿದರು.

"ಹೆದರಿಕೆ ಆಯ್ತಾ, ಅಪ್ಪನ ಮುಂದೆ ಹೇಳುವಾಗ?" ಅವನು ಮೆಲ್ಲಗೆ ಕೇಳಿದ.

"ಆಯ್ತು. ಈಗಲೂ ಆಗ್ತಿದೆ. ನೋಡು, ಕೈ ಹೇಗೆ ನಡುಗ್ತಿದೆ..."

ಅವನು ಆ ಕೈ ಹಿಡಿದುಕೊಂಡ. ಹಿಡಿದ ಮೇಲೆ ಅವಳಿಗೆ ಗೊತ್ತಾಯಿತು, ನಡುಗುತ್ತಿದ್ದದ್ದು ತನ್ನ ಕೈ ಒಂದೇ ಅಲ್ಲ.

"ನಿನಗೂನಾ ಭಾವ?"

"ನನಗೂನೇ."

ಅವಳಿಗೆ ನಗು ಬಂತು, ಕಣ್ಣೀರೂ ಬಂತು.

"ಸರಿ ಹಾಗಾದ್ರೆ... ಬಿಡಬೇಡ. ಹಿಡ್ಕೊಂಡಿರು."

"ಇಲ್ಲ, ಬಿಡಲ್ಲ," ಎಂದ ಅವನು.